ಹಸಿರುಕಲ್ಲಿನವನ ತೋಳುಗಳು

ಮಧುರಾ ಮ್ಯೂಸಿಯಮ್ಮಿನ ಕೆಲಸಕ್ಕೆ ಸೇರಿದ್ದು ಕಲೆಯ ಮೇಲಿನ ಪ್ರೀತಿಯಿಂದೇನೂ ಅಲ್ಲ. ವಾರದಲ್ಲಿ ಮೂರು ದಿನ, ಮಗ ಶಾಲೆಯಲ್ಲಿರುವ ಹೊತ್ತಿನಲ್ಲಿ, ಮನೆಯ ಗೋಡೆಗಳಿಂದಾಚೆ ಎಲ್ಲಾದರೂ ಇದ್ದರೆ ಅವಳಿಗೆ ಸಾಕಾಗಿತ್ತು. ಮದುವೆಯಾಗಿ ಮೈಸೂರಿನಿಂದ ಬಂದ ಹೊಸದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದವಳು ಚರಣ್ ಹುಟ್ಟಿದ ಮೇಲೆ ಅದನ್ನು ಬಿಟ್ಟಳು. ಆಮೇಲೆ ಆ ಕಡೆ ತಿರುಗಿ ನೋಡಲು ಆಗಲೇ ಇಲ್ಲ. ಈಗ ಸಿಯಾಟಲ್‌ನ ಮ್ಯೂಸಿಯಮ್ಮೊಂದರಲ್ಲಿ ಕರಿ ಪ್ಯಾಂಟು, ಕರಿ ಕೋಟು ಹಾಕಿಕೊಂಡು ಕೋಣೆಯೊಂದರ ಮೂಲೆಯಲ್ಲಿ ನಿಲ್ಲುತ್ತಿದ್ದಳು. ಗಾಜಿಗೆ ಮೂಗು ತಗಲಿಸುವವರಿಗೆ ಸ್ವಲ್ಪ ಹಿಂದೆ ಸರಿಯಿರಿ ಅನ್ನುವುದು, ಬಾತ್‌ರೂಮು ಎಲ್ಲಿ ಎಂದು ಕೇಳಿದವರಿಗೆ ದಾರಿ ತೋರಿಸುವುದು, ಅಷ್ಟೇ ಕೆಲಸ. ಉಳಿದ ಹೊತ್ತು ಸುಮ್ಮನೆ ನಿಂತಿರುವುದು. ಸುಮ್ಮನೆ ನಿಲ್ಲುವುದಕ್ಕೂ ಸಂಬಳ ಕೊಡುತ್ತಾರೆ ಅನ್ನುವುದು ಮೊದಮೊದಲು ಅವಳಿಗೆ ನಂಬಲಾಗದ ಸುಖವಾಗಿ ಕಂಡಿತ್ತು.

ಚರಣ್‌ಗೆ ಇಪ್ಪತ್ತು ತುಂಬಿತ್ತು. ಹುಟ್ಟುವಾಗ ಮಿದುಳಿಗೆ ಉಸಿರು ಸಾಲದೆ ಹೋಗಿದ್ದರಿಂದ ಅವನಿಗೆ ನಡೆಯಲು ಬರಲಿಲ್ಲ, ಮಾತು ಬರಲಿಲ್ಲ, ಕತ್ತು ಸರಿಯಾಗಿ ನಿಲ್ಲಲಿಲ್ಲ. ನಗು ಮಾತ್ರ ಚೆನ್ನಾಗಿ ಬಂತು. ಕುಕ್ಕರ್ ಕೂಗಿದರೆ ನಗು, ಅಪ್ಪ ಸೀನಿದರೆ ನಗು, ಒಮ್ಮೊಮ್ಮೆ ಬೇರೆ ಯಾರಿಗೂ ಕಾಣದ ಯಾವುದನ್ನೋ ಕಂಡು ಮೈಯೆಲ್ಲ ಅಲುಗುವ ಹಾಗೆ ನಗು. ಉಳಿದದ್ದೆಲ್ಲ ಬೇರೆಯವರು ಮಾಡಿಕೊಡಬೇಕು. ಎಬ್ಬಿಸಬೇಕು, ತೊಳೆಯಬೇಕು, ಮಿದ್ದ ಅನ್ನವನ್ನು ಚಮಚದಲ್ಲಿ ಗಲ್ಲದ ಒಳಮಗ್ಗುಲಿಗೆ ಇಡಬೇಕು, ಹೊತ್ತಿಗೊಮ್ಮೆ ಮಗ್ಗುಲು ಬದಲಿಸಬೇಕು. ಮೀಸೆ ಚಿಗುರಿದ ಮೇಲೆ ಅದನ್ನು ಬೋಳಿಸುವ ಕೆಲಸವೂ ಸೇರಿಕೊಂಡಿತು. ತೂಕದಲ್ಲಿ ಅವನು ತಾಯಿಯನ್ನು ಮೀರಿ ವರ್ಷಗಳಾಗಿದ್ದವು. ಎತ್ತಲು ಇನ್ಶೂರೆನ್ಸಿನವರು ಕೊಟ್ಟ ಯಂತ್ರವೊಂದಿತ್ತು, ಆದರೆ ಅದರ ಬಟ್ಟೆಯ ಜೋಲಿಯಲ್ಲಿ ತೂಗಾಡುವಾಗ ಅವನು ಹೆದರಿ ಕಿರುಚುತ್ತಿದ್ದ. ಹಾಗಾಗಿ ಯಂತ್ರ ಮೂಲೆ ಸೇರಿ, ಅದರ ಮೇಲೆ ಟವೆಲುಗಳು ಒಣಗುತ್ತಿದ್ದವು. ಗಂಡ ಧನಂಜಯನಿಗೆ ಹರ್ನಿಯಾ ಆಪರೇಷನ್ ಆದ ಮೇಲೆ ಭಾರ ಎತ್ತಬಾರದು ಎಂದು ಡಾಕ್ಟರ್ ಹೇಳಿದ್ದರು. ಅಂದಿನಿಂದ ಎತ್ತುವವಳು ಮಧುರಾ ಒಬ್ಬಳೇ. ಒಂದು ತೋಳು ಕತ್ತಿನ ಕೆಳಗೆ, ಇನ್ನೊಂದು ಮಂಡಿಯ ಕೆಳಗೆ, ಉಸಿರು ಬಿಗಿ ಹಿಡಿದು ಒಂದೇ ಸಲಕ್ಕೆ. ಸೊಂಟದಲ್ಲಿ ಏನೋ ಚಳಕ್ ಅನ್ನುತ್ತಿತ್ತು. ಅದಕ್ಕೆಲ್ಲ ಗಮನ ಕೊಡುವುದನ್ನು ಅವಳು ಬಿಟ್ಟಿದ್ದಳು.

ಬರುವ ಜೂನಿನಲ್ಲಿ ಚರಣ್‌ನ ಶಾಲೆ ಮುಗಿಯುವುದಿತ್ತು. ಅವನಂಥವರನ್ನು ಅಲ್ಲಿ ಇಪ್ಪತ್ತೊಂದರವರೆಗೆ ಮಾತ್ರ ಇಟ್ಟುಕೊಳ್ಳುತ್ತಿದ್ದರು. ಅದಾದ ಮೇಲೆ ಅವನು ಹಗಲೂ ರಾತ್ರಿಯೂ ಮನೆಯಲ್ಲೇ. ಫ್ಯಾಕ್ಟೋರಿಯಾ ಬಡಾವಣೆಯ ತನ್ನ ಆಫೀಸಿನಲ್ಲಿ ಯಾರನ್ನೋ ವಿಚಾರಿಸಿ ಧನಂಜಯ ಟೋಟೆಮ್ ಲೇಕ್ ಹತ್ತಿರ ಒಂದು ಮನೆಯ ಸುದ್ದಿ ತಂದಿದ್ದ. ಚರಣ್‌ನಂಥ ನಾಲ್ಕೈದು ಜನರನ್ನು ಇಟ್ಟುಕೊಂಡು ನೋಡಿಕೊಳ್ಳುವ ಮನೆ. ನಡೆಸುವವಳು ಇಥಿಯೋಪಿಯಾದ ಒಬ್ಬ ನರ್ಸು, ಹೆಸರು ಅಲ್ಮಾಜ್.

"ಒಂದ್ಸಲ ಹೋಗಿ ನೋಡ್ಕೊಂಡ್ ಬರೋಣ ಮಧು. ನೋಡೋದ್ರಲ್ಲಿ ಏನಿದೆ?" ಅಂದಿದ್ದ.

"ಎಲ್ಲಾದ್ರೂ ಬಿಟ್ಬಿಡೋಣ ಅಂತೀರಾ?" ಎಂದಿದ್ದಳು ಮಧುರಾ.

"ನಾನು ಹಾಗಂದ್ನಾ?"

"ಮತ್ತಿನ್ನೇನ್ ಅಂದ್ರಿ?"

ಅಲ್ಲಿಗೆ ಆ ಮಾತು ನಿಂತಿತು. ಮತ್ತೆ ಇಬ್ಬರೂ ಅದನ್ನು ಎತ್ತಲಿಲ್ಲ. ಬೇರೆ ಮಾತುಗಳೂ ಕಡಿಮೆಯಾದವು.

ಅಕ್ಟೋಬರಿನಲ್ಲಿ ಮಧುರಾ ನಿಲ್ಲುತ್ತಿದ್ದ ಕೋಣೆಗೆ ಹೊಸ ಪ್ರದರ್ಶನ ಬಂತು. ಮೆಕ್ಸಿಕೋದ ಓಲ್ಮೆಕ್ ಜನರ ಕಲ್ಲಿನ ಕೆತ್ತನೆಗಳು. ಮೂರು ಸಾವಿರ ವರ್ಷ ಹಿಂದಿನ ಜನ. ಅವರು ತಮ್ಮನ್ನು ತಾವು ಏನೆಂದು ಕರೆದುಕೊಳ್ಳುತ್ತಿದ್ದರೋ ಯಾರಿಗೂ ಗೊತ್ತಿಲ್ಲ. ಓಲ್ಮೆಕ್ ಅನ್ನುವುದು ಎಷ್ಟೋ ಕಾಲದ ನಂತರ ಬೇರೆಯವರ ಭಾಷೆಯಿಂದ ಬಂದ ಹೆಸರು, ರಬ್ಬರ್ ಸೀಮೆಯವರು ಅಂತ. ಅವರ ದೊಡ್ಡ ಕಲ್ಲುತಲೆಗಳ ಫೋಟೋಗಳು ಗೋಡೆಯ ಮೇಲಿದ್ದವು. ಗಾಜಿನ ಪೆಟ್ಟಿಗೆಗಳಲ್ಲಿದ್ದವು ಪೂಜೆ ಪುನಸ್ಕಾರಕ್ಕೆಂದು ಮಾಡಿದ ಸಣ್ಣ ಕೆತ್ತನೆಗಳು. ಮರ ಕಡಿಯಲು ಅಲ್ಲದೆ ಕೇವಲ ಅರ್ಪಿಸಲು ಮಾಡಿದ ಹಸಿರು ಕೊಡಲಿಯ ಅಲಗುಗಳು, ತುಟಿ ಕೆಳಕ್ಕೆ ಬಾಗಿದ ಒಂದು ಮುಖವಾಡ, ಮಣಿಗಳು. ನಡುಮಧ್ಯೆ ಪ್ರತ್ಯೇಕ ಪೀಠದ ಮೇಲೆ, ಗಾಜಿನೊಳಗೆ, ಒಬ್ಬ ಮನುಷ್ಯ.

ಚಕ್ಕಳಮಕ್ಕಳ ಹಾಕಿ ಕೂತ, ಮೊಣಕಾಲೆತ್ತರದ ಹಸಿರುಕಲ್ಲಿನ ಮನುಷ್ಯ. ಮುಂದಕ್ಕೆ ಚಾಚಿದ ಅವನ ಎರಡು ತೋಳುಗಳ ಮೇಲೆ ಅಡ್ಡಲಾಗಿ ಒಂದು ಮಗು ಮಲಗಿತ್ತು. ಮಗುವಿನ ಮುಖ ಮನುಷ್ಯರ ಮಕ್ಕಳ ಹಾಗಿರಲಿಲ್ಲ. ನೆತ್ತಿಯಲ್ಲೊಂದು ಸೀಳು, ಚಪ್ಪಟೆ ಮೂಗು, ಮೇಲ್ದುಟಿ ಮೇಲಕ್ಕೆ ಎಳೆದು ಬಾಯಿಯ ಎರಡು ಮೂಲೆಗಳೂ ಕೆಳಗೆ ಇಳಿದಿದ್ದವು. ಕೈಕಾಲುಗಳು ಕಸುವಿಲ್ಲದೆ ಜೋತುಬಿದ್ದಿದ್ದವು.

ಪೆಟ್ಟಿಗೆಗಳನ್ನು ಬಿಚ್ಚಿ ಜೋಡಿಸುವ ದಿನ ಕಾವಲಿಗೆ ಮಧುರಾಳನ್ನೇ ಹಾಕಿದ್ದರು. ಕೆತ್ತನೆಗಳ ಜೊತೆಗೇ ಮೆಕ್ಸಿಕೋದಿಂದ ಇನೆಸ್ ಎಂಬಾಕೆ ಬಂದಿದ್ದಳು. ಅವುಗಳ ರಕ್ಷಣೆಯ ಹೊಣೆ ಅವಳದು. ನರೆತ ಕೂದಲನ್ನು ಗಂಟು ಕಟ್ಟಿ, ಕೈಗೆ ನೀಲಿ ಗ್ಲೌಸು ಹಾಕಿಕೊಂಡು, ಆ ಮನುಷ್ಯನನ್ನು ಪೀಠದ ಮೇಲೆ ಕೂರಿಸುವವರೆಗೂ ಯಾರೊಂದಿಗೂ ಮಾತಾಡಲಿಲ್ಲ. ಕೂರಿಸಿ ಮುಗಿದ ಮೇಲೆ ತಿರುಗಿ ನೋಡಿದರೆ ಮಧುರಾ ಒಂದು ಕೈಯಿಂದ ಸೊಂಟ ಒತ್ತಿಕೊಂಡು ನಿಂತಿದ್ದಳು. ಇನೆಸ್ ತನಗೆಂದು ತಂದಿಟ್ಟಿದ್ದ ಸ್ಟೂಲನ್ನು ಎತ್ತಿ ತಂದು ಅವಳ ಹಿಂದಿಟ್ಟಳು.

"ಕೂತ್ಕೊಳ್ಳಿ. ನಾನು ಯಾರಿಗೂ ಹೇಳೋದಿಲ್ಲ," ಎಂದಳು ಇಂಗ್ಲಿಷಿನಲ್ಲಿ.

ಮಧುರಾ ಕೂತಳು. ಸ್ವಲ್ಪ ಹೊತ್ತಿನ ನಂತರ ಆ ಮನುಷ್ಯನ ಕಡೆ ಕೈ ತೋರಿಸಿ, "ಆ ಮಗುವಿಗೆ ಏನಾಗಿದೆ?" ಎಂದು ಕೇಳಿದಳು.

"ಸತ್ತಿದೆ ಅನ್ನೋರಿದ್ದಾರೆ. ಮಳೆಗಾಗಿ ಬಲಿ ಕೊಟ್ಟದ್ದು ಅಂತ. ಅಲ್ಲ, ಅದು ದೇವರ ಕೂಸು, ಅರ್ಧ ಜಾಗ್ವಾರ್, ಅಂದ್ರೆ ಅವರ ಕಾಡಿನ ಹುಲಿ, ಅನ್ನೋರೂ ಇದ್ದಾರೆ. ಅರಸ ತನ್ನ ವಂಶದ ಕುಡಿಯನ್ನ ಜನಕ್ಕೆ ತೋರಿಸ್ತಿದ್ದಾನೆ ಅಂತ ಬರೆದವರೂ ಉಂಟು. ಇದು ಸಿಕ್ಕಿದ ಹಳ್ಳೀಲಿ ಹೆಂಗಸರು ಇದನ್ನ ಮೇರಿ ಮಾತೆ ಅಂದ್ಕೊಂಡು ತಿಂಗಳುಗಟ್ಟಲೆ ಮೇಣದಬತ್ತಿ ಹಚ್ಚಿದ್ರು. ಕಸೂತಿ ಬಟ್ಟೆ ಹೊದಿಸಿದ್ರು. ಸರ್ಕಾರದವರು ತರೋಕೆ ಹೋದಾಗ ಬಾಗಿಲಿಗೆ ಅಡ್ಡ ಕೂತಿದ್ರಂತೆ."

"ನೀವೇನು ಅಂತೀರಿ?"

ಇನೆಸ್ ಗ್ಲೌಸು ಕಳಚುತ್ತ ಯೋಚಿಸಿದಳು. "ಗೊತ್ತಿಲ್ಲ ಅಂತೀನಿ," ಎಂದಳು.

ಆಮೇಲಿನ ವಾರಗಳಲ್ಲಿ ಜನ ಬಂದರು, ಹೋದರು. ಮಧುರಾ ಎಲ್ಲರ ಮಾತೂ ಕೇಳಿಸಿಕೊಂಡಳು. ಎಷ್ಟು ಪ್ರೀತಿ ನೋಡು ಅಂದವರಿದ್ದರು, ಎಷ್ಟು ಕ್ರೂರ ಅಂದವರಿದ್ದರು. ಶಾಲಾ ಮಕ್ಕಳು ಮಗುವಿನ ಬಾಯಿಯನ್ನು ಅಣಕಿಸಿ ನಕ್ಕರು. ಅವಳಿಗೆ ಕಾಣುತ್ತಿದ್ದದ್ದು ಬೇರೆ. ಆ ಮನುಷ್ಯ ಮಗುವಿನ ಕಡೆ ನೋಡುತ್ತಿರಲಿಲ್ಲ. ನೇರವಾಗಿ ಮುಂದಕ್ಕೆ, ಬಂದವರ ತಲೆಗಳ ಮೇಲಿಂದ, ಎದುರಿನ ಬಿಳಿ ಗೋಡೆಯನ್ನು ನೋಡುತ್ತಿದ್ದ. ಬಾಯಿ ಚೂರು ತೆರೆದಿತ್ತು. ದುಃಖವೂ ಇಲ್ಲ, ಭಕ್ತಿಯೂ ಇಲ್ಲ. ಬೆಳಗಿನ ಜಾವದಿಂದ ಒಂದೇ ಸಮನೆ ದುಡಿದವನು ಬಸ್ಸಿನ ಕಿಟಕಿಯಾಚೆ ನೋಡುವ ಹಾಗೆ ನೋಡುತ್ತಿದ್ದ. ಹಾಗೆ ಅನ್ನಿಸಿದ್ದು ತನ್ನ ಕಣ್ಣಿನ ದೋಷವೂ ಇರಬಹುದು ಎಂದು ಅವಳಿಗೆ ಗೊತ್ತಿತ್ತು. ದಣಿದವರಿಗೆ ಎಲ್ಲ ಮುಖಗಳೂ ದಣಿದಂತೆ ಕಂಡಾವು.

ಜನವರಿಯ ಒಂದು ಭಾನುವಾರ ಮ್ಯೂಸಿಯಂ ಬೆಳಿಗ್ಗೆ ಬೇಗ ಬಾಗಿಲು ತೆಗೆಯಿತು. ಗದ್ದಲ, ನೂಕುನುಗ್ಗಲು ತಾಳಲಾರದ ಮಕ್ಕಳಿರುವ ಮನೆಯವರಿಗೆಂದೇ ಮೀಸಲಿಟ್ಟ ಹೊತ್ತು. ದೀಪಗಳನ್ನು ಮಂದ ಮಾಡಿ, ಸ್ಪೀಕರುಗಳನ್ನು ಆರಿಸಿದ್ದರು. ಅವತ್ತು ಮಧುರಾಳಿಗೆ ಡ್ಯೂಟಿ ಇರಲಿಲ್ಲ. ಧನಂಜಯನೇ, "ನೀನು ಕೆಲಸ ಮಾಡೋ ಜಾಗ ಅವನೂ ನೋಡ್ಲಿ, ಕರ್ಕೊಂಡ್ ಹೋಗೋಣ," ಅಂದಿದ್ದ. ಅದು ರಾಜಿಯ ಮಾತು ಎಂದು ಅವಳಿಗೆ ತಿಳಿಯಿತು. ಹೂಂ ಅಂದಳು.

ಚರಣ್‌ಗೆ ಹಳದಿ ಸ್ವೆಟರ್ ಹಾಕಿ, ಗಾಲಿಕುರ್ಚಿಯಲ್ಲಿ ಬೆಲ್ಟು ಬಿಗಿದು, ಸರೋವರದ ಸೇತುವೆ ದಾಟಿ ಮ್ಯೂಸಿಯಮ್ಮಿಗೆ ಬಂದರು. ಅವನು ಹಸಿರುಕಲ್ಲಿನ ಮನುಷ್ಯನನ್ನು ನೋಡಲೇ ಇಲ್ಲ. ಸೀಲಿಂಗಿನಲ್ಲಿದ್ದ ಒಂದು ಸಣ್ಣ ದೀಪ ಅವನಿಗೆ ಹಿಡಿಸಿತು. ಅದನ್ನೇ ನೋಡಿ ಗಂಟಲಲ್ಲಿ ಖುಷಿಯ ಸದ್ದು ಮಾಡಿದ. ಧನಂಜಯನೂ ನಕ್ಕ. "ನೋಡು, ಅಮ್ಮನ ಆಫೀಸಲ್ಲಿ ಲೈಟ್ ಚೆನ್ನಾಗಿದ್ಯಂತೆ," ಅಂದ. ಆಮೇಲೆ ಕುರ್ಚಿಯ ಹಿಂದಿನ ಚೀಲಕ್ಕೆ ಕೈ ಹಾಕಿದವನ ಮುಖ ಇಳಿಯಿತು.

"ಮಧು, ಮೆಡಿಸಿನ್ ಬ್ಯಾಗ್ ಕಾರಲ್ಲೇ ಬಿಟ್ಟಿದೀನಿ. ಎರಡೇ ನಿಮಿಷ, ತಂದ್ಬಿಡ್ತೀನಿ."

ಅವನು ಹೋದದ್ದೇ ತಡ, ಚರಣ್‌ನ ಗಂಟಲಿನ ಸದ್ದು ನಿಂತಿತು. ಕಣ್ಣು ಒಂದು ಪಕ್ಕಕ್ಕೆ ಹೊರಳಿತು. ಮೈ ಮರದ ಹಲಗೆಯ ಹಾಗೆ ಸೆಟೆಯಿತು. ಇಪ್ಪತ್ತು ವರ್ಷದಲ್ಲಿ ಅವಳು ನೋಡದ ಫಿಟ್ಸೇನೂ ಅಲ್ಲ. ಆದರೆ ಕುರ್ಚಿಯಲ್ಲಿ ಅವನು ಕೆಳಕ್ಕೆ ಜಾರುತ್ತಿದ್ದ, ಬೆಲ್ಟು ಕುತ್ತಿಗೆಯ ಕಡೆ ಏರುತ್ತಿತ್ತು. ಅವಳು ಬೆಲ್ಟು ಬಿಚ್ಚಿ, ಅವನ ಪೂರ್ತಿ ಭಾರವನ್ನು ಎದೆಗೆ ತಾಳಿಕೊಂಡು ನೆಲಕ್ಕೆ ಇಳಿಸಿದಳು. ಇಳಿಸುವಾಗ ಸೊಂಟದಿಂದ ಹಿಮ್ಮಡಿಯವರೆಗೂ ಬೆಂಕಿ ಎಳೆದಂತಾಯಿತು. ಮಗ್ಗುಲಿಗೆ ಹೊರಳಿಸಿ, ಕೋಟನ್ನು ಅವನ ತಲೆಯಡಿ ತುರುಕಿ ಕಾದಳು. ಯಾರೋ ಸಹಾಯಕ್ಕೆ ಓಡಿ ಬಂದರು. ಏನೂ ಬೇಡ, ತಾನಾಗಿ ನಿಲ್ಲುತ್ತೆ ಅಂದಳು. ನಿಂತಿತು. ಕೈಕಾಲುಗಳ ಬಿಗಿ ಬಿಟ್ಟು ಅವನು ಹಸಿ ಬಟ್ಟೆಯಂತೆ ಮೆತ್ತಗಾದ. ತಣ್ಣನೆಯ ನೆಲ ಎಂದು ಅವಳು ಚಕ್ಕಳಮಕ್ಕಳ ಹಾಕಿ ಕೂತು ಅವನನ್ನು ಮಡಿಲಿಗೆ ಎಳೆದುಕೊಂಡಳು. ಒಂದು ತೋಳು ಕತ್ತಿನ ಕೆಳಗೆ, ಇನ್ನೊಂದು ಮಂಡಿಯ ಕೆಳಗೆ. ತಾನು ಯಾವುದರ ಮುಂದೆ ಕೂತಿದ್ದೇನೆ ಅನ್ನುವುದು ಅವಳಿಗೆ ಆಗ ನೆನಪಿರಲಿಲ್ಲ. ಎದುರಿನ ಬಿಳಿ ಗೋಡೆಯನ್ನು ನೋಡುತ್ತ, ಅವನ ಉಸಿರು ಎಳೆಯುವುದನ್ನೂ ಬಿಡುವುದನ್ನೂ ಕೇಳುತ್ತ ಕೂತಳು. ಆಗ ಅವಳ ಮನಸ್ಸಿನಲ್ಲಿ ಒಂದು ಯೋಚನೆ ಬಂತು. ಬಂದದ್ದೇ ಅವಳು ಅದನ್ನು ಒಳಗೆ ಅದುಮಿಟ್ಟಳು.

ಧನಂಜಯ ಓಡಿ ಬಂದ. ಕಾವಲಿನ ಇನ್ನಿಬ್ಬರ ಸಹಾಯದಿಂದ ಚರಣ್‌ನನ್ನು ಕುರ್ಚಿಗೆ ಏರಿಸಿದರು. ಮಧುರಾಳಿಗೆ ಎದ್ದು ನಿಲ್ಲಲು ಆಗಲಿಲ್ಲ. ಅವಳನ್ನೂ ಎಬ್ಬಿಸಬೇಕಾಯಿತು.

ಎರಡು ದಿನ ಅವಳು ಹಾಸಿಗೆ ಬಿಟ್ಟು ಏಳಲಿಲ್ಲ. ಧನಂಜಯ ರಜ ಹಾಕಿ, ಚರಣ್ ಕಿರುಚಿದರೂ ಬಿಡದೆ ಯಂತ್ರ ಬಳಸಿದ. ಪಕ್ಕದ ರೂಮಿನಿಂದ ಆ ಕಿರುಚಾಟ ಕೇಳಿಸುವಾಗ ಮಧುರಾ ದಿಂಬನ್ನು ಕಿವಿಗೆ ಒತ್ತಿಕೊಂಡಳು. ಮೂರನೆಯ ದಿನ ಬೆಲ್ವ್ಯೂನ ಕನ್ನಡ ಕೂಟದ ಗೆಳತಿ ಉಷಾ ಫೋನ್ ಮಾಡಿದಳು.

"ಮಧುರಾ, ವಾಟ್ಸಾಪ್ ನೋಡಿದ್ರಾ? ನಿಮ್ಮ ಫೋಟೋ! ಗ್ರೂಪಲ್ಲೆಲ್ಲ ಅದೇ."

"ಯಾವ ಫೋಟೋ?"

"ಮ್ಯೂಸಿಯಮ್ಮಿಂದು ಕಣ್ರೀ. ಯಾರೋ ಬಂದೋರು ತೆಗ್ದು ಹಾಕಿದಾರಂತೆ. ನನ್ ಕಣ್ಣಲ್ಲಿ ನೀರು ಬಂತು ಗೊತ್ತಾ? ನೀವು ಮನುಷ್ಯರಲ್ಲ, ದೇವತೆ. ಅದಕ್ಕೇ ದೇವರು ನಿಮ್ಮಂಥವರಿಗೇ ಇಂಥಾ ಮಗೂನ ಕೊಡೋದು."

ಮಧುರಾ ಫೋನಿಟ್ಟು ನೋಡಿದಳು. ಮಂದ ಬೆಳಕಿನಲ್ಲಿ, ಹಿಂದೆ ಪೀಠದ ಮೇಲೆ ಕಲ್ಲಿನ ಮನುಷ್ಯ ತೋಳ ಮೇಲೆ ಮಗುವನ್ನು ಹೊತ್ತು ಕೂತಿದ್ದ. ಮುಂದೆ ನೆಲದ ಮೇಲೆ ಅವಳು, ಮಡಿಲಲ್ಲಿ ಹಳದಿ ಸ್ವೆಟರಿನ ಚರಣ್, ಜೋತುಬಿದ್ದ ಅವನ ಕೈ. ಇಬ್ಬರೂ ಒಂದೇ ಕಡೆ ನೋಡುತ್ತಿದ್ದರು. ಚೆನ್ನಾಗಿ ಬಂದ ಚಿತ್ರ ಅನ್ನುವುದನ್ನು ಅವಳೂ ಒಪ್ಪಬೇಕಾಯಿತು. ಕೆಳಗೆ ನೂರಾರು ಜನ ಹೃದಯದ ಗುರುತು ಹಾಕಿದ್ದರು. ತಾಯಿಯ ಪ್ರೀತಿಗೆ ಕಾಲದ ಹಂಗಿಲ್ಲ ಎಂದು ಯಾರೋ ಬರೆದಿದ್ದರು.

ಕೆಲಸಕ್ಕೆ ಮರಳಿದ ದಿನ ಮ್ಯೂಸಿಯಮ್ಮಿನ ಪ್ರಚಾರ ವಿಭಾಗದ ಮೇಗನ್ ಎಂಬ ಹುಡುಗಿ ಅವಳನ್ನು ತನ್ನ ಕೋಣೆಗೆ ಕರೆಸಿ ಕುರ್ಚಿ ಕೊಟ್ಟಳು, ಟೀ ಕೊಟ್ಟಳು. ಒಳ್ಳೆಯ ಹುಡುಗಿ. ಮಾತಾಡುವಾಗ ಅವಳ ಕಣ್ಣುಗಳು ತೇವವಾಗಿದ್ದವು. ಆ ಫೋಟೋವನ್ನು ಪ್ರದರ್ಶನದ ಕೊನೆಯ ತಿಂಗಳ ಪೋಸ್ಟರಿಗೆ ಬಳಸಬಹುದೇ ಎಂದು ಕೇಳಿದಳು. ಮೂರು ಸಾವಿರ ವರ್ಷದ ಅಂತರವನ್ನು ಒಂದು ಅಪ್ಪುಗೆ ದಾಟಿದ ಹಾಗಿದೆ ಎಂದಳು. ಬಸ್ಸುಗಳ ಮೇಲೆ ಹಾಕಿಸುತ್ತೇವೆ, ಎಷ್ಟೋ ತಾಯಂದಿರಿಗೆ ಧೈರ್ಯ ಬರುತ್ತದೆ ಎಂದಳು.

"ಬೇಡ," ಅಂದಳು ಮಧುರಾ.

"ಹೆಸರು ಹಾಕೋದಿಲ್ಲ. ಮಗನ ಮುಖ ಕಾಣದ ಹಾಗೆ ಮಾಡಬಹುದು."

"ಬೇಡ ಮೇಗನ್. ಅದರಲ್ಲಿರೋದು ನೀವು ಅಂದ್ಕೊಂಡದ್ದಲ್ಲ."

"ಮತ್ತೇನು?" ಎಂದು ಆ ಹುಡುಗಿ ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದಳು. ಮಧುರಾ ಟೀ ಕುಡಿದು, ಕಪ್ಪನ್ನು ಮೇಜಿನ ಮೇಲಿಟ್ಟು, ಥ್ಯಾಂಕ್ಸ್ ಹೇಳಿ ಬಂದಳು.

ಸಂಜೆ ಧನಂಜಯ ಅವಳನ್ನು ಕರೆದುಕೊಂಡು ಹೋಗಲು ಬಂದ. ಸೊಂಟದ ದೆಸೆಯಿಂದ ಅವಳು ಡ್ರೈವ್ ಮಾಡುವ ಹಾಗಿರಲಿಲ್ಲ. ಚರಣ್‌ನನ್ನು ನೋಡಿಕೊಳ್ಳಲು ಒಂದೆರಡು ಗಂಟೆ ಉಷಾ ಬಂದು ಕೂತಿದ್ದಳು. ಸೇತುವೆಯ ಮೇಲೆ ವಾಹನಗಳು ಒಂದರ ಹಿಂದೊಂದು ನಿಂತಿದ್ದವು. ಎಡಬಲಕ್ಕೆ ಸರೋವರದ ನೀರು, ಮೇಲೆ ಸೀಸದ ಬಣ್ಣದ ಮೋಡ. ಕಾರು ಮುಂದೆ ಹೋಗದೆ ನಿಂತಿದ್ದರಿಂದಲೋ ಏನೋ ಮಧುರಾಳ ಬಾಯಿಗೆ ಮಾತು ಬಂತು.

"ಆ ಫೋಟೋನ ಮ್ಯೂಸಿಯಮ್ಮಿನೋರು ಪೋಸ್ಟರಿಗೆ ಕೇಳಿದ್ರು, ಬೇಡ ಅಂದೆ ರೀ."

"ಒಳ್ಳೇದಾಯ್ತು ಬಿಡು."

"ಯಾಕೆ ಅಂತ ಕೇಳಲ್ವಾ?"

ಧನಂಜಯ ಅವಳ ಕಡೆ ತಿರುಗಿದ.

"ಎಲ್ಲರೂ ಪ್ರೀತಿ, ಪ್ರೀತಿ ಅಂತಿದಾರೆ. ಅಲ್ಲಿ ಕೂತಿದ್ದಾಗ ನಾನು ಏನು ಯೋಚ್ನೆ ಮಾಡ್ತಿದ್ದೆ ಗೊತ್ತಾ? ಇವನ ಉಸಿರು ಇಲ್ಲೇ ನಿಂತ್ಹೋದ್ರೆ ನಾನೂ ಇಲ್ಲೇ ಮಲಗಿಬಿಡಬಹುದು ಅಂತ. ಇದೇ ನೆಲದ ಮೇಲೆ. ಯಾರೂ ಎಬ್ಬಿಸಲ್ಲ ಅಂತ." ಅಂಗಡಿಯಿಂದ ಏನು ತರಬೇಕು ಎಂದು ಹೇಳುವ ಹಾಗೆ ಹೇಳಿದಳು. "ಹೆತ್ತ ತಾಯಿ ನಾನು. ಹಾಗಂದ್ಕೊಂಡೆ."

ಹಿಂದಿನ ಕಾರು ಹಾರ್ನ್ ಮಾಡಿತು. ಧನಂಜಯ ನಾಲ್ಕು ಮಾರು ಮುಂದೆ ಹೋಗಿ ಮತ್ತೆ ನಿಲ್ಲಿಸಿದ. ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟು ಮುಂದಿನ ಕಾರಿನ ಕೆಂಪು ದೀಪ ನೋಡಿದ.

"ನಂಗೂ ಅನ್ಸಿದೆ," ಎಂದ. "ಒಂದ್ಸಲ ಅಲ್ಲ, ಎಷ್ಟೋ ಸಲ. ನಿನಗೆ ಹೇಳಿದ್ರೆ ನನ್ನ ಮುಖ ನೋಡಲ್ಲ ಅಂತ ಹೇಳ್ಲಿಲ್ಲ."

"ಯಾವಾಗ?"

"ಆಪರೇಷನ್ ಆದ್ಮೇಲೆ. ನೀನೊಬ್ಳೇ ಅವನನ್ನ ಎತ್ತೋದನ್ನ ದಿನಾ ನೋಡ್ತಾ ಕೂತಿರ್ತೀನಲ್ಲ, ಆವಾಗ. ನಿನ್ನ ಮುಖ ಕೆಂಪಾಗಿ, ಕತ್ತಿನ ನರ ಎಲ್ಲ ಎದ್ದು. ಇವತ್ತು ಇವಳು ಬೀಳ್ತಾಳೆ, ಇವತ್ತು ಬೀಳ್ತಾಳೆ ಅಂತ. ಟೋಟೆಮ್ ಲೇಕ್ ಮಾತು ಅದಕ್ಕೇ ಎತ್ತಿದ್ದು, ಮಧು. ಅವನನ್ನ ಬಿಡೋಕಲ್ಲ."

ಮಧುರಾ ಕಿಟಕಿಯ ಕಡೆ ಮುಖ ತಿರುಗಿಸಿ ಅತ್ತಳು. ಬಿಕ್ಕಿ ಬಿಕ್ಕಿ ಅಳಲು ಅವಳಿಗೆ ಶಕ್ತಿ ಇರಲಿಲ್ಲ, ನೀರು ತಾನಾಗಿ ಇಳಿಯಿತು. ಧನಂಜಯ ಒಂದು ಕೈ ಚಾಚಿ ಅವಳ ಹೆಗಲ ಮೇಲಿಟ್ಟ. ಮನೆ ಸೇರುವ ತನಕ ಆ ಕೈ ಅಲ್ಲೇ ಇತ್ತು.

ಅಷ್ಟಾದರೂ ಅವಳು ಹೂಂ ಅನ್ನಲಿಲ್ಲ. ಒಂದು ಶನಿವಾರ ಹೋಗಿ ಅಲ್ಮಾಜಳ ಮನೆ ನೋಡಿಕೊಂಡು ಬಂದರು. ಚೊಕ್ಕಟವಾಗಿತ್ತು. ಬಿಸಿಲು ಬೀಳುವ ದೊಡ್ಡ ಕಿಟಕಿಗಳಿದ್ದವು. ಅಲ್ಮಾಜ್ ಎತ್ತರದ, ನಿಧಾನದ ಹೆಂಗಸು. ಚರಣ್‌ನ ಮುಂದೆ ಮಂಡಿಯೂರಿ ಕೂತು, ಅವನ ಕಣ್ಣು ತನ್ನ ಕಡೆ ತಿರುಗುವವರೆಗೂ ಕಾದು, ಆಮೇಲೆ ಹಲೋ ಅಂದಳು. ಅಲ್ಲಿ ತಪ್ಪು ಹುಡುಕಲು ಮಧುರಾ ಬಹಳ ಪ್ರಯತ್ನಪಟ್ಟಳು. ಸಿಗದಿದ್ದಾಗ ಇನ್ನಷ್ಟು ಸಂಕಟವಾಯಿತು. ಯೋಚನೆ ಮಾಡಿ ಹೇಳ್ತೀವಿ ಎಂದು ಬಂದರು.

ಮಾರ್ಚಿನಲ್ಲಿ ಪ್ರದರ್ಶನ ಮುಗಿಯಿತು. ಕಟ್ಟಿ ಕಳಿಸಲು ಇನೆಸ್ ಮತ್ತೆ ಬಂದಳು. ಮಧುರಾಳನ್ನು ಕಂಡವಳೇ ಸ್ಟೂಲು ಎಲ್ಲಿ ಎಂದು ಸುತ್ತಲೂ ಹುಡುಕಿದಳು. ಗಾಜು ತೆಗೆದ ಮೇಲೆ ಕಲ್ಲಿನ ಮನುಷ್ಯ ಇನ್ನೂ ಚಿಕ್ಕವನಾಗಿ ಕಂಡ. ಇನೆಸ್ ಟಾರ್ಚು ಹಿಡಿದು, ಬರುವಾಗ ಇದ್ದ ಹಾಗೇ ಇದೆಯೇ ಎಂದು ಅಂಗುಲ ಅಂಗುಲವಾಗಿ ನೋಡುತ್ತಿದ್ದಳು.

"ಬನ್ನಿ, ಇಲ್ಲಿ ನೋಡಿ," ಎಂದು ಕರೆದಳು.

ಮಧುರಾ ಬಾಗಿ ನೋಡಿದಳು. ಮಗುವಿನ ಬೆನ್ನು ಮನುಷ್ಯನ ತೋಳಿಗೆ ತಗಲುವ ಸಂದಿಯಲ್ಲಿ ಕೂದಲೆಳೆಯಷ್ಟು ಕೆಂಪು ಉಳಿದಿತ್ತು.

"ಕುಂಕುಮ!" ಅಂದಳು ಅವಳು ಕನ್ನಡದಲ್ಲೇ. ಆಮೇಲೆ, "ನಮ್ಮಲ್ಲಿ ದೇವರಿಗೆ ಹಚ್ಚೋ ಕೆಂಪು ಪುಡಿ. ಆ ಹಳ್ಳಿ ಹೆಂಗಸರು ಹಚ್ಚಿದ್ದಾ?" ಎಂದು ಕೇಳಿದಳು.

"ಅಲ್ಲ, ತುಂಬಾ ಹಳೇದು. ಒಂದು ಕೆಂಪು ಕಲ್ಲನ್ನ ಅರೆದು ಮಾಡಿದ ಪುಡಿ. ಇಂಥದ್ದನ್ನ ಮಣ್ಣಿಗೆ ಇಳಿಸುವಾಗ ಚೆಲ್ತಿದ್ರು."

"ಮಣ್ಣಿಗೆ ಇಳಿಸೋದು ಅಂದ್ರೆ?"

"ಹೂಳೋದು. ಇಷ್ಟು ಕಷ್ಟಪಟ್ಟು ಮಾಡ್ತಿದ್ರು ನೋಡಿ. ಕಬ್ಬಿಣ ಇಲ್ಲ, ಏನಿಲ್ಲ. ಮರಳು ಮತ್ತು ನೀರು ಹಾಕಿ ಉಜ್ಜಿ ಉಜ್ಜಿ ಎಷ್ಟು ಕಾಲವೋ. ಪೂಜೆಗೆ ಇಟ್ಕೋತಿದ್ರು. ಒಂದು ದಿನ ನೆಲ ಅಗೆದು, ಬಣ್ಣದ ಮಣ್ಣು ಹಾಸಿ, ಅದರಲ್ಲಿ ಇಳಿಸಿ ಮುಚ್ಚಿಬಿಡ್ತಿದ್ರು. ಎಲ್ಲವನ್ನೂ ಹಾಗೆ ಮಾಡಿದ್ರು ಅಂತ ಹೇಳೋಕಾಗಲ್ಲ. ಇದನ್ನ ಮಾತ್ರ ಹಾಗೇ ಮಾಡಿರಬೇಕು."

"ಸಾಕಾಗಿತ್ತೋ ಏನೋ," ಎಂದಳು ಮಧುರಾ.

ಇನೆಸ್ ನಗಲಿಲ್ಲ. ಟಾರ್ಚು ಆರಿಸಿದಳು. "ಇರಬಹುದು. ಆದರೆ ಬಿಸಾಡಿದ ಹಾಗೆ ಅಲ್ಲ. ನಾನು ಅಂಥ ಗುಂಡಿಗಳನ್ನ ನೋಡಿದೀನಿ. ಒಂದೊಂದನ್ನೂ ಎಲ್ಲಿ ಇಡಬೇಕು, ಯಾವ ಕಡೆ ಮುಖ ಮಾಡಬೇಕು ಅಂತ ಯೋಚಿಸಿ ಇಟ್ಟಿರ್ತಾರೆ. ನಿದ್ದೆ ಮಾಡೋ ಮಗುವನ್ನ ಕೆಳಗಿಡೋ ಹಾಗೆ."

ಆಮೇಲೆ ಇನೆಸ್ ಮತ್ತು ಇನ್ನಿಬ್ಬರು ಸೇರಿ ಅವನನ್ನು ಎತ್ತಿ, ಮೆತ್ತನೆಯ ಫೋಮಿನಲ್ಲಿ ಅವನ ಮೈಯ ಆಕಾರಕ್ಕೇ ಕತ್ತರಿಸಿದ ಗುಂಡಿಯೊಳಗೆ ಕೂರಿಸಿದರು. ಮಧುರಾ ಕೊನೆಯ ತನಕ ನಿಂತು ನೋಡಿದಳು. ಪೆಟ್ಟಿಗೆಯ ಮುಚ್ಚಳಕ್ಕೆ ಸ್ಕ್ರೂ ಬಿಗಿಯುವ ಸದ್ದು ಖಾಲಿ ಕೋಣೆಯಲ್ಲಿ ದೊಡ್ಡದಾಗಿ ಕೇಳಿಸಿತು. ಹೋಗುವ ಮುಂಚೆ ಇನೆಸ್ ಅವಳನ್ನು ತಬ್ಬಿಕೊಂಡು ಸೊಂಟ ನೋಡ್ಕೊಳ್ಳಿ ಅಂದಳು.

ಆ ವಾರವೇ ಮಧುರಾ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತ, ಹಿಂದೆ ನಿಂತಿದ್ದ ಗಂಡನ ಕಡೆ ತಿರುಗದೆಯೇ, "ಅಲ್ಮಾಜ್‌ಗೆ ಕಾಲ್ ಮಾಡಿ," ಎಂದಳು.

"ಖಂಡಿತಾನಾ?"

"ಖಂಡಿತ ಏನೂ ಇಲ್ಲ. ಮಾಡಿ."

ಜೂನಿನಲ್ಲಿ ಚರಣ್‌ನನ್ನು ಕರೆದುಕೊಂಡು ಹೋದರು. ಹಾಸಿಗೆ ಕಿಟಕಿಯ ಪಕ್ಕ ಇರಲಿ, ಬಲಗಡೆ ತಿರುಗಿದರೆ ಬೆಳಕು ಕಾಣಲಿ ಎಂದು ಮಧುರಾ ಹೇಳಿದಳು. ಅಲ್ಮಾಜ್ ಮಂಚವನ್ನು ಸರಿಸಿದಳು. ದಿಂಬು ಎಷ್ಟು ಎತ್ತರ ಇರಬೇಕು, ಅನ್ನ ಎಷ್ಟು ಮೆತ್ತಗಿರಬೇಕು, ಫಿಟ್ಸಿಗೆ ಮುಂಚೆ ಕಣ್ಣು ಹೇಗೆ ಹೊರಳುತ್ತದೆ, ಎಲ್ಲ ಹೇಳಿದಳು. ಅಲ್ಮಾಜ್ ಒಂದನ್ನೂ ಅವಸರ ಮಾಡದೆ ಕೇಳಿಸಿಕೊಂಡಳು. ಹೊರಡುವಾಗ ಚರಣ್ ಅಳಲಿಲ್ಲ. ಅವನಿಗೆ ಅವರು ಹೊರಟದ್ದು ಗೊತ್ತಾಗಲಿಲ್ಲ. ಗೊತ್ತಾದದ್ದು ಸಂಜೆ. ಎರಡು ಗಂಟೆ ಅತ್ತನೆಂದು ಮರುದಿನ ಅಲ್ಮಾಜ್ ಮುಚ್ಚಿಡದೆ ಹೇಳಿದಳು.

ಮೊದಲ ವಾರಗಳು ಕೆಟ್ಟದಾಗಿದ್ದವು. ಅವನು ಸರಿಯಾಗಿ ತಿನ್ನಲಿಲ್ಲ, ಕೆನ್ನೆ ಒಳಗೆ ಹೋಯಿತು. ಮಧುರಾ ದಿನವೂ ಹೋದಳು, ದಿನವೂ ಕಾರಿನಲ್ಲಿ ಕೂತು ಅವನನ್ನು ವಾಪಸು ಕರೆದುಕೊಂಡು ಬಂದುಬಿಡಬೇಕು ಅಂದುಕೊಂಡಳು. ಮನೆಯಲ್ಲಿ ಅವನ ಕೋಣೆಯ ಬಾಗಿಲು ಹಾಕಿದರೂ ಕಷ್ಟ, ತೆಗೆದರೂ ಕಷ್ಟ. ಕನ್ನಡ ಕೂಟದ ಕಾರ್ಯಕ್ರಮವೊಂದರಲ್ಲಿ ಉಷಾ ಅವಳನ್ನು ಕಂಡು ಏನೋ ಹೇಳಲು ಹೋಗಿ, ಬಿಟ್ಟು, ಊಟ ಆಯ್ತಾ ಎಂದಷ್ಟೇ ಕೇಳಿದಳು. ಜನ ಏನಂದುಕೊಂಡರೋ ಎಂದು ಯೋಚಿಸಲು ಮಧುರಾಳಿಗೆ ಆಸಕ್ತಿ ಉಳಿದಿರಲಿಲ್ಲ. ಫಿಸಿಯೋಥೆರಪಿಗೆ ಹೋದಳು. ಸೊಂಟ ಪೂರ್ತಿ ಸರಿಹೋಗುವುದಿಲ್ಲ, ಇಷ್ಟರಲ್ಲೇ ಉಳಿಸಿಕೊಳ್ಳಬಹುದು ಎಂದರು.

ಆಗಸ್ಟಿನ ಒಂದು ಸಂಜೆ ಕೆಲಸ ಮುಗಿಸಿ ಟೋಟೆಮ್ ಲೇಕ್‌ಗೆ ಹೋದಾಗ, ಬಾಗಿಲ ಬಳಿಗೆ ಬರುವ ಮೊದಲೇ ಅವಳಿಗೆ ಚರಣ್‌ನ ನಗು ಕೇಳಿಸಿತು. ಮೈಯೆಲ್ಲ ಅಲುಗಿಸಿ ನಗುವ ನಗು. ಒಳಗೆ ಮಿಕ್ಸಿ ತಿರುಗುತ್ತಿತ್ತು. ಅದು ನಿಂತರೆ ನಗು ನಿಲ್ಲುತ್ತಿತ್ತು, ತಿರುಗಿದರೆ ಮತ್ತೆ ಶುರು. ಯಾರೋ ಬೇಕೆಂದೇ ನಿಲ್ಲಿಸಿ ತಿರುಗಿಸುತ್ತಿದ್ದರು. ತಾನು ಇಲ್ಲದಾಗಲೂ ಅವನು ನಗುತ್ತಾನೆ ಅನ್ನುವುದು ಅವಳಿಗೆ ಮೊದಲು ಚುಚ್ಚಿತು. ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ನಿಂತಳು. ಆಮೇಲೆ ಬೆಲ್ ಒತ್ತಿದಳು.

ಅಲ್ಮಾಜ್ ಬಾಗಿಲು ತೆಗೆದು, "ಅವನದು ಊಟ ಆಯ್ತು. ಪೂರ್ತಿ ತಿಂದ," ಎಂದಳು. ಮಧುರಾಳ ಮುಖ ನೋಡಿ, "ನೀವು ತಿಂದಿದ್ದೀರಾ?" ಎಂದು ಕೇಳಿದಳು.

ಮಧುರಾ ಇಲ್ಲ ಎಂದು ತಲೆಯಾಡಿಸಿದಳು. ಚರಣ್‌ನ ಕುರ್ಚಿಯ ಪಕ್ಕದಲ್ಲೇ ಅಡುಗೆಮನೆಯ ಮೇಜಿಗೆ ಕೂರಿಸಿ ಅಲ್ಮಾಜ್ ಅವಳ ಮುಂದೆ ದೊಡ್ಡ ತಟ್ಟೆ ಇಟ್ಟಳು. ಅವರ ಕಡೆಯ ರೊಟ್ಟಿ, ಮೆತ್ತಗೆ, ಮೇಲೆಲ್ಲ ಸಣ್ಣ ಸಣ್ಣ ತೂತು. ಜೊತೆಗೆ ಬೇಳೆಯ ಗಟ್ಟಿ ಸಾರು. ಮಧುರಾ ಬೆರಳಲ್ಲಿ ಮುರಿದು, ಅದ್ದಿ ಬಾಯಿಗಿಟ್ಟಳು. ಹುಳಿ ಬಂದ ಹಿಟ್ಟಿನ ದೋಸೆಯ ರುಚಿ. ಚರಣ್ ಅವಳ ಕಡೆ ಕಣ್ಣು ಹೊರಳಿಸಿ, ಗಂಟಲಲ್ಲಿ ಸದ್ದು ಮಾಡಿ, ಮತ್ತೆ ಮಿಕ್ಸಿಯ ಕಡೆ ನೋಡಿದ.

"ಇನ್ನೊಂದು ಹಾಕಲಾ?" ಎಂದಳು ಅಲ್ಮಾಜ್.

"ಹಾಕಿ," ಎಂದಳು ಮಧುರಾ.